ಶಲ್ ಸಾಹೇಬರ ಇಳಿವಯಸ್ಸು

ಸಂದರ್ಶಕ: ಸಾಹೇಬರೆ, ಇಂಗ್ಲಿಷಿನಲ್ಲಿ ಶಲ್ಲೋ ವಿಲ್ಲೋ ಎಂದು ತಡಕಾಡಿದಾಗ ಬೈಸಿಕೊಳ್ಳುವುದು ಕಲಿಯುವವರು. ಹಳೆಯ ಕಡತ ಬಿಚ್ಚಿದರೆ ಆರೋಪಿ ನೀವೇ. 1653ರಲ್ಲಿ ಜಾನ್ ವಾಲಿಸ್ ಇಂಗ್ಲಿಷಿಗೊಂದು ವ್ಯಾಕರಣ ಬರೆದರು, ಅದೂ ಲ್ಯಾಟಿನ್ನಿನಲ್ಲಿ. ಅದರ ಪ್ರಕಾರ ‘ನಾನು’ ಎಂದಾಗ ಶಲ್ ಬರೀ ಮುಂದಾಗುವುದನ್ನು ಹೇಳುತ್ತದೆ, ವಿಲ್ ಮಾತು ಕೊಡುತ್ತದೆ ಇಲ್ಲವೇ ಬೆದರಿಸುತ್ತದೆ. ‘ನೀನು’, ‘ಅವನು’ ಬಂದರೆ ಎಲ್ಲ ತಿರುವುಮುರುವು. ಗಣಿತಕ್ಕೆ ಅನಂತದ ಚಿಹ್ನೆ ತಂದವರೂ ಇವರೇ. ಈ ಗೊಂದಲಕ್ಕೂ ಅದೇ ಚಿಹ್ನೆ ಹೊಂದುತ್ತದೆ. ಕರ್ತೃ ಬದಲಾದಂತೆಲ್ಲ ಬಣ್ಣ ಬದಲಿಸುವ ಪದವನ್ನು ಬಾಯಿಪಾಠ ಮಾಡಿಸಿದರೆ ತಲೆಯಲ್ಲಿ ಉಳಿಯುವುದು ಭಯವೊಂದೇ.

ಶಲ್: ಮನೆಮಾತಿನಲ್ಲಿ ನನ್ನ ಕಾಲ ಮುಗಿಯಿತು, ಒಪ್ಪಿದೆ. ‘ಹೊರಡೋಣವಾ?’ ಎಂದು ಕೇಳುವಷ್ಟಕ್ಕೆ ಉಳಿದಿದ್ದೇನೆ. ಕಾನೂನಿನಲ್ಲಿ ಮಾತ್ರ ನನ್ನ ಗತ್ತೇ ಬೇರೆ. ನಿಮ್ಮ ಕರ್ನಾಟಕದ ಅಧಿನಿಯಮಗಳಲ್ಲೂ ‘ತಕ್ಕದ್ದು’ ಎಂಬ ಪೇಟ ಸುತ್ತಿ ಕೂತಿದ್ದೇನೆ. ಅಲ್ಲಿ ನಾನು ನುಡಿದರೆ ಆಜ್ಞೆ.

ಸಂದರ್ಶಕ: ಆಜ್ಞೆಯ ಗತಿಯನ್ನೂ ನೋಡೋಣ. ಲೋಕಸೇವಾ ಆಯೋಗದೊಡನೆ ಸಮಾಲೋಚಿಸತಕ್ಕದ್ದು ಎನ್ನುತ್ತದೆ ಸಂವಿಧಾನದ 320(3)ನೇ ವಿಧಿ. ಉತ್ತರ ಪ್ರದೇಶದ ನೌಕರರೊಬ್ಬರ ಶಿಸ್ತುಕ್ರಮದ ಪ್ರಕರಣದಲ್ಲಿ, 1957ರಲ್ಲಿ, ಸಮಾಲೋಚನೆ ತಪ್ಪಿದ ಮಾತ್ರಕ್ಕೆ ಆದೇಶ ಬಿದ್ದುಹೋಗದು ಎಂದಿತು ಸುಪ್ರೀಂ ಕೋರ್ಟ್. ಶಲ್ ಇದ್ದರೂ ಕಡ್ಡಾಯವಲ್ಲ! ನ್ಯಾಯಾಲಯ ನೋಡಿದ್ದು ವಿಧಿಯ ಉದ್ದೇಶವನ್ನು, ಪದವನ್ನಲ್ಲ, ಮಸ್ಟ್ ಇದ್ದಿದ್ದರೂ ಹಾಗೇ ಆಗುತ್ತಿತ್ತು ಎನ್ನುತ್ತೀರಿ. ಆಗುತ್ತಿತ್ತೇನೋ. ಆದರೆ ಕಾನೂನಿನಲ್ಲಿ ಮಸ್ಟ್ ಒಂದೇ ಕೆಲಸ ಮಾಡುತ್ತದೆ; ನೀವು ಆಜ್ಞೆ, ಭವಿಷ್ಯ, ಸಲಹೆ ಮೂರನ್ನೂ ಹೊತ್ತು ಓಡಾಡುತ್ತೀರಿ. ಅದಕ್ಕೇ ಅಮೆರಿಕದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳಿಂದ 2007ರಲ್ಲಿ ನಿಮ್ಮನ್ನು ಎಬ್ಬಿಸಿ, ಜಾಗ ನೋಡಿ ಮಸ್ಟ್, ಮೇ, ಶುಡ್‌ಗಳನ್ನು ಕೂರಿಸಿದರು. ಹಳೆಯ ತೀರ್ಪುಗಳ ಗತಿಯೇನು ಎಂಬ ಆಕ್ಷೇಪಕ್ಕೂ, ಇದು ಶೈಲಿಯ ತಿದ್ದುಪಡಿ ಮಾತ್ರ ಎಂದು ಬರೆದೇ ಉತ್ತರ ಕೊಟ್ಟರು.

ಶಲ್: ನಿಮ್ಮ ‘ಬಹುದು’ ಏನು ಕಮ್ಮಿಯೇ? ಕ್ಯಾನ್, ಮೇ, ಮೈಟ್ ಮೂವರ ಸಂಬಳವನ್ನೂ ಒಬ್ಬನೇ ಎಣಿಸಿಕೊಳ್ಳುತ್ತಾನೆ.

ಸಂದರ್ಶಕ: ನಿಜ. ‘ಅವನು ಹೋಗಬಹುದು’ ಎಂದರೆ ಅನುಮತಿಯೋ ಅಂದಾಜೋ, ಸಂದರ್ಭವೇ ಹೇಳಬೇಕು. ಆದರೆ ಇಲ್ಲ ಎನ್ನುವಾಗ ಕನ್ನಡದ ಕಣ್ಣು ಚುರುಕು. ಇಂಗ್ಲಿಷಿನ ‘ಮೇ ನಾಟ್ ಕಮ್’ ಎರಡು ದಾರಿ ಹಿಡಿಯುತ್ತದೆ; ಕನ್ನಡದಲ್ಲಿ ‘ಬರದೇ ಇರಬಹುದು’ ಬೇರೆ, ‘ಬರಕೂಡದು’ ಬೇರೆ. ‘ಬರಬೇಕಾಗಿಲ್ಲ’ ಎಂಬುದಕ್ಕೆ ನೀಡ್ ನಾಟ್ ಬಿಟ್ಟು ಮಸ್ಟ್ ನಾಟ್ ಬರೆದವರು, ತೊಂದರೆ ತಗೋಬೇಡಿ ಎನ್ನಲು ಹೋಗಿ ನೆಂಟರ ಮುಖಕ್ಕೆ ಬಾಗಿಲು ಹಾಕಿರುತ್ತಾರೆ. ನಿಯಮದ ಪಟ್ಟಿ ಉರು ಹೊಡೆಯುವ ಬದಲು ಮೊದಲು ವಾಕ್ಯವನ್ನು ಕನ್ನಡದಲ್ಲಿ ನಿಷೇಧಕ್ಕೆ ತಿರುಗಿಸಿ ನೋಡಿದರೆ, ಇಂಗ್ಲಿಷಿನಲ್ಲಿ ಯಾರನ್ನು ಕರೆಯಬೇಕೆಂಬುದು ಅರ್ಧ ಗೊತ್ತಾಗಿಬಿಡುತ್ತದೆ. ಉಳಿದರ್ಧ ಅಭ್ಯಾಸ.

ಶಲ್: ಹಾಗಾದರೆ ನಾನಿನ್ನು ಹೊರಡಬೇಕೋ, ಹೊರಡಬಹುದೋ?

ಸಂದರ್ಶಕ: ಹೊರಡಬೇಕಾಗಿಲ್ಲ, ಕೂತಿರಿ. ‘ಹೊರಡೋಣವಾ?’ ಎಂದು ಕೇಳುವುದಕ್ಕಾದರೂ ಒಬ್ಬರು ಬೇಕಲ್ಲ.