ಇರ್ಲಿ, ಬೇಕಾದೀತು

ಕಟಪಾಡಿ ಕಡೆ ತಾರಸಿ ಮನೆ ಕಟ್ಟಿದವರು ಎರಡು ಮಳೆಗಾಲ ಕಳೆಯುವುದರೊಳಗೆ ತಾರಸಿಯ ಮೇಲೆ ತಗಡಿನ ಶೀಟು ಹೊದೆಸುತ್ತಾರೆ. ಸೋರುವುದೂ ನಿಂತಿತು, ಮಳೆಗಾಲದಲ್ಲಿ ಬಟ್ಟೆ ಹರವಲು ಜಾಗವೂ ಆಯಿತು. ಕಷ್ಟವೇನಿದ್ದರೂ ಡಿಶ್‌ಗೆ. ಅದು ಆಗ್ನೇಯಕ್ಕೆ ತಿರುಗಿ, ಶಿರ್ವದ ಕಡೆಯ ಆಕಾಶ ನೋಡುತ್ತಾ ಕೂರಬೇಕು. ತಾರಸಿಯಲ್ಲಿಟ್ಟರೆ ಶೀಟು ಅಡ್ಡ, ಅಂಗಳದಲ್ಲಿಟ್ಟರೆ ತೆಂಗಿನ ಮಡಲು ಅಡ್ಡ. ಹಾಗಾಗಿ ನಮ್ಮ ದೊಡ್ಡಮ್ಮನ ಮನೆಯ ಡಿಶ್ ಅಂಗಳ ದಾಟಿ, ಬಾವಿಕಟ್ಟೆ ದಾಟಿ, ಹಟ್ಟಿಯ ಹಿಂದೆ ಕಂಬ ಏರಿದೆ.

ಅಲ್ಲಿಂದ ಟೀವಿಗೆ 40 ಮೀಟರ್ ವಯರು. ಅದರಲ್ಲಿ ಹತ್ತು ಮೀಟರ್ ಟೀವಿಯ ಹಿಂದೆ ಸುಮ್ಮನೆ ಸುರುಳಿ ಸುತ್ತಿ ಮಲಗಿತ್ತು. ಹೆಚ್ಚಾದದ್ದನ್ನು ಕತ್ತರಿಸಲು ಹೊರಟ ಡಿಶ್‌ನ ಹುಡುಗನಿಗೆ ದೊಡ್ಡಮ್ಮ, "ತುಂಡು ಮಾಡ್ಬೇಡ ಮಾರಾಯಾ, ಮೀಟರಿಗೆ ದುಡ್ಡು ಕೊಟ್ಟದ್ದಲ್ವಾ. ಇರ್ಲಿ, ಬೇಕಾದೀತು" ಎಂದಿದ್ದರು. ಮಸ್ಕತ್ತಿನಿಂದ ಬಂದ ಚಾಕಲೇಟಿನ ಖಾಲಿ ಡಬ್ಬಗಳೆಲ್ಲ ಅವರ ಅಟ್ಟದಲ್ಲಿ ಉಳಿದದ್ದೂ ಇದೇ ಮಂತ್ರದಿಂದ.

ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ದೂರ ತಕರಾರಿಲ್ಲದೆ ಬಂದ ಅಲೆಗೆ ಸುಸ್ತಾಗುವುದು ನಮ್ಮ ಅಂಗಳದಲ್ಲಿ. ಡಿಶ್‌ನ ಮುಂದಿರುವ ಎಲ್‌ಎನ್‌ಬಿ ಅದರ ಆವರ್ತನವನ್ನು 950ರಿಂದ 2150 ಮೆಗಾಹರ್ಟ್ಸ್‌ನೊಳಗೆ ಇಳಿಸಿ, ಬಲ ತುಂಬಿಯೇ ವಯರಿಗೆ ಬಿಡುತ್ತದೆ. ಆದರೂ ಒಳ್ಳೆಯ ಆರ್‌ಜಿ-6 ವಯರು ಕೂಡ ಮೇಲಿನ ಆವರ್ತನದಲ್ಲಿ ಹತ್ತು ಮೀಟರಿಗೆ ಸುಮಾರು 3 ಡೆಸಿಬಲ್ ನುಂಗುತ್ತದೆ. 3 ಡೆಸಿಬಲ್ ಹೋಯಿತೆಂದರೆ ಅರ್ಧ ಹೋಯಿತು. 40 ಮೀಟರಿಗೆ ನಾಲ್ಕು ಸಲ ಅರ್ಧ, ಉಳಿಯುವುದು ಹದಿನಾರರಲ್ಲಿ ಒಂದು ಪಾಲು. ಕುಟುಂಬದ ಆಸ್ತಿ ಪಾಲಾಗಿ ಪಾಲಾಗಿ ಕೊನೆಗೆ ಐದು ಸೆಂಟ್ಸ್ ಸಿಕ್ಕ ಹಾಗೆ. ಅದರಲ್ಲೂ ಕೊನೆಯ ಅರ್ಧ ನಷ್ಟವಾಗುತ್ತಿದ್ದದ್ದು ಆ ಸುರುಳಿಯೊಳಗೆ, ಟೀವಿಯಿಂದ ಒಂದು ಗೇಣು ದೂರದಲ್ಲಿ!

ಬಾವಿಕಟ್ಟೆಯ ಹತ್ತಿರ ಇನ್ಸುಲೇಶನ್ ಟೇಪು ಸುತ್ತಿದ ಜಾಯಿಂಟು ಬೇರೆ. ಅದರ ಆಚೀಚೆ ದೊಡ್ಡಪ್ಪನ ಬೈರಾಸು ಒಣಗುತ್ತಿತ್ತು. ಒದ್ದೆ ಬೈರಾಸಿನ ಭಾರಕ್ಕೆ ಟೇಪು ಸಡಿಲಾಗಿ, ಮಟ್ಟು ಕಡಲಿನ ಉಪ್ಪುಗಾಳಿ ಒಳಹೊಕ್ಕು, ಕನೆಕ್ಟರು ಹಸಿರು ಹಿಡಿದಿತ್ತು. ಇದೇ ವಯರಿನಲ್ಲಿ ಸೆಟ್‌ಟಾಪ್ ಬಾಕ್ಸಿನಿಂದ ಎಲ್‌ಎನ್‌ಬಿಗೆ ಕರೆಂಟೂ ಹೋಗಬೇಕು. 13 ವೋಲ್ಟ್ ಬಂದರೆ ಅದು ಲಂಬ ಅಲೆಗಳನ್ನು ಹಿಡಿಯುತ್ತದೆ, 18 ಬಂದರೆ ಅಡ್ಡ ಅಲೆಗಳನ್ನು. ಹೊರಟ 18 ದಾರಿಯಲ್ಲಿ ಸೊರಗಿದರೆ ಎಲ್‌ಎನ್‌ಬಿ ಅದನ್ನು 13 ಎಂದೇ ತಿಳಿಯುತ್ತದೆ. ಒಂದಷ್ಟು ಚಾನೆಲ್ ಮಾಯ. ಹೋದದ್ದು ದೊಡ್ಡಮ್ಮನ ಧಾರಾವಾಹಿ, ಉಳಿದದ್ದು ದೊಡ್ಡಪ್ಪನ ವಾರ್ತೆ. ಇದು ಬರೀ ವೋಲ್ಟೇಜಿನ ಕಿತಾಪತಿ ಎಂದು ದೊಡ್ಡಮ್ಮನನ್ನು ನಂಬಿಸುವುದು ದೊಡ್ಡಪ್ಪನಿಂದ ಆಗಲಿಲ್ಲ.

ಆಟಿಯ ಮಳೆ ಹಿಡಿದರಂತೂ ಎಲ್ಲರೂ ಮಳೆಗೇ ಬೈಯುವುದು. ಸೆಟ್‌ಟಾಪ್ ಬಾಕ್ಸಿನ ಮೆನುವಿನಲ್ಲಿ ಎರಡು ಪಟ್ಟಿ ಕಾಣುತ್ತದೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಉದ್ದ ವಯರು ಮೊದಲು ತಿನ್ನುವುದು ಸ್ಟ್ರೆಂತನ್ನು. ಜಡಿಮಳೆ ಕ್ವಾಲಿಟಿಯನ್ನೂ ಬಿಡುವುದಿಲ್ಲ. ಹಿಂದಿನ ಆ್ಯಂಟೆನಾ ಟೀವಿಯಲ್ಲಾದರೆ ಚುಕ್ಕೆ ಚುಕ್ಕೆಯಾಗಿಯಾದರೂ ಮುಖ ಕಾಣುತ್ತಿತ್ತು. ಡಿಜಿಟಲ್‌ಗೆ ಆ ದಾಕ್ಷಿಣ್ಯ ಇಲ್ಲ. ಒಂದು ಮಟ್ಟದವರೆಗೆ ಚಿತ್ರ ಸ್ವಚ್ಛ, ಅದರ ಕೆಳಗೆ ಬಂತೋ, ಅತ್ತೆ ಬಾಯಿ ತೆರೆದ ಭಂಗಿಯಲ್ಲೇ ಚೌಕ ಚೌಕವಾಗಿ ನಿಂತುಬಿಡುತ್ತಾಳೆ. ಬಿಸಿಲಿದ್ದಾಗ ಅಂಚಿನಲ್ಲಿ ಹೇಗೋ ನಿಂತಿದ್ದ ಸಿಗ್ನಲನ್ನು ಮಳೆ ತುಸು ದೂಡಿದರೆ ಸಾಕು. ಹೆಸರು ಕೆಡುವುದು ಮಳೆಯದ್ದು, ವಯರು ಸಾಚಾ.

ಕೊನೆಗೆ ಧಾರಾವಾಹಿಯಲ್ಲಿ ಮದುವೆಯ ವಾರ ಬಂದಾಗ ದೊಡ್ಡಮ್ಮ ಕತ್ತರಿಗೆ ಒಪ್ಪಿದರು. ಸುರುಳಿ ಹೋಯಿತು, ಕನೆಕ್ಟರು ಹೊಸದಾಯಿತು, ಬೈರಾಸಿಗೆ ಬೇರೆ ಹಗ್ಗ ಬಂತು. ಮದುವೆ ಸಾಂಗವಾಗಿ ನಡೆಯಿತು.

ತುಂಡಾದ ಹತ್ತು ಮೀಟರನ್ನು ಬಿಸಾಡಲು ಮಾತ್ರ ಅವರು ಬಿಡಲಿಲ್ಲ. ಹಟ್ಟಿಯ ಮಾಡಿನಿಂದ ಡಿಶ್‌ನ ಕಂಬಕ್ಕೆ ಬಿಗಿದು ತೊಂಡೆಬಳ್ಳಿ ಹಬ್ಬಿಸಿದ್ದಾರೆ. ಕಾಯಿ ಚೆನ್ನಾಗಿ ಬಿಡುತ್ತಿದೆ. ಬಳ್ಳಿಯ ತುದಿ ಈಗ ಎಲ್‌ಎನ್‌ಬಿಯ ಬುಡಕ್ಕೆ ಬಂದಿದೆ. ಸ್ವಲ್ಪ ಸವರುವ ಎಂದರೆ, "ಹೂ ಬಿಟ್ಟ ಬಳ್ಳಿ, ಮುಟ್ಬೇಡ" ಎನ್ನುತ್ತಾರೆ.