ತೂತು ಅವರದು, ಬೋಗುಣಿ ನಮ್ಮದು

ನವಲಗುಂದದ ಎರೆಭೂಮಿಯಲ್ಲಿ ಮಳೆ ಬಾರದಿದ್ದರೆ ಹೊಲ ಅಳುತ್ತದೆ, ಬಂದರೆ ಮನೆ ಅಳುತ್ತದೆ. ಎರಡೂ ಅಳದಂಥ ಹದವಾದ ಮಳೆಯೊಂದು ಇದೆಯಂತೆ. ಅದು ಬೀಳುವುದು ಪಂಚಾಂಗದಲ್ಲಿ ಮಾತ್ರ. ಹೆಸರು, ಹತ್ತಿ ಬಿತ್ತಿದ ಗಂಡಸರು ಕಟ್ಟೆಯ ಮೇಲೆ ಕೂತು ಮುಗಿಲಿಗೆ ಕೈ ಮುಗಿಯುವ ಹೊತ್ತಿಗೆ ಒಳಗೆ ಹೆಂಗಸರು ಅದೇ ಮುಗಿಲಿಗೆ ‘ಸಾಕೋ ನಮ್ಮಪ್ಪಾ’ ಎನ್ನುತ್ತಿರುತ್ತಾರೆ. ಒಂದೇ ಮನೆಯಿಂದ ಎರಡು ಅರ್ಜಿ ಹೋದರೆ ವರುಣನಾದರೂ ಏನು ಮಾಡಿಯಾನು?

ಕಾರವಾರದ ಕಡೆ ಹಳೆಯ ಮೋಟಾರು ದೋಣಿ ಕೊಂಡವರು ಅದರೊಳಗೆ ನೀರು ಎಲ್ಲಿಂದ ಬರುತ್ತದೆಂದು ಹುಡುಕುತ್ತ ಕೂರುತ್ತಾರಂತೆ. ಅವರ ಪಾಡು ನಮಗಿಂತ ವಾಸಿ. ದೋಣಿಯನ್ನು ದಡಕ್ಕೆ ಎಳೆದು ಬೋರಲು ಹಾಕಿ ನೋಡಬಹುದು. ಎಂಟು ಅಂಕಣದ ಮಾಳಿಗೆ ಮನೆಯನ್ನು ಬೋರಲು ಹಾಕಲು ಬರುವುದಿಲ್ಲ. ಉಳಿದಂತೆ ನಮ್ಮದೂ ಅಂಥದೇ ಸೆಕೆಂಡ್ ಹ್ಯಾಂಡ್ ಮಾಲು. ನಮ್ಮ ಮಾವನವರ ತಂದೆ ಕೊಂಡಾಗಲೇ ಅದಕ್ಕೆ ಮುಪ್ಪು ಬಂದಿತ್ತು. ಮಾರಿದವರು ಜಾಣರು, ಬೇಸಿಗೆಯಲ್ಲಿ ಮಾರಿದ್ದರು. ಮಾಳಿಗೆ ಮನೆಯನ್ನು ಶ್ರಾವಣದಲ್ಲಿ ಮಾರಿದವರನ್ನು ನಾನಂತೂ ಕಂಡಿಲ್ಲ.

ಮಾಳಿಗೆ ಅಂದರೆ ಇಷ್ಟೇ: ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಗಳ ಮೇಲೆ ಒತ್ತೊತ್ತಾಗಿ ಕಟ್ಟಿಗೆ ಚಕ್ಕೆ, ಅದರ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಮೊಳದಷ್ಟು ಮಣ್ಣು. ಕೆಳಗೆ ನಾವು. ಕಲಘಟಗಿ ಕಡೆ ಮಲೆನಾಡಿನ ಗಾಳಿ, ಮಳೆಯೂ ಜಾಸ್ತಿ. ಅಲ್ಲಿ ಹಂಚಿನ ಮನೆಗಳು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆಗೆದ ಮೇಲೆ ಈ ಕೆಂಪು ಹಂಚು ಘಟ್ಟ ಹತ್ತಿ ಬಂತು. ಹಂಚಿನದು ನೇರ ಸ್ವಭಾವ. ಒಡೆದರೆ ಮುಗಿಲು ಕಾಣುತ್ತದೆ. ಮುಗಿಲು ಕಂಡಲ್ಲಿ ತೂತು, ತೂತು ಇದ್ದಲ್ಲಿ ಹೊಸ ಹಂಚು. ಮಣ್ಣಿನ ಮಾಳಿಗೆಗೆ ಅಷ್ಟು ಪ್ರಾಮಾಣಿಕತೆ ಇಲ್ಲ. ಮೇಲೆ ಒಂದು ಮೂಲೆಯಲ್ಲಿ ನೀರು ಕುಡಿದು, ಒಳಗೊಳಗೇ ಊರು ಸುತ್ತಿ, ಮತ್ತೊಂದು ಮೂಲೆಯಲ್ಲಿ ಮಲಗಿದವರ ಮೂಗಿನ ಮೇಲೆ ಉಗುಳುತ್ತದೆ.

ಹಾಗಂತ ಹಿರಿಯರಿಗೆ ಮಣ್ಣು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಊರ ಸುತ್ತ ಕಣ್ಣು ಹರಿದಷ್ಟೂ ಎರೆಮಣ್ಣು ಬಿದ್ದಿದ್ದರೂ ಅದನ್ನು ಯಾರೂ ಮಾಳಿಗೆಗೆ ಹಾಕುವುದಿಲ್ಲ. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಹೊಲದಲ್ಲಿ ಕಡಲೆಗೆ ಅದು ಒಳ್ಳೆಯದು, ತಲೆಯ ಮೇಲೆ ಅಲ್ಲ. ಮಾಳಿಗೆಗೆ ಬೇಕಾದದ್ದು ಸವಳು ಮಣ್ಣು. ಅದರೊಳಗಿನ ಸೋಡಿಯಂ ಉಪ್ಪಿನಿಂದಾಗಿ ಮಣ್ಣಿನ ಕಣ ನೀರು ಬಿದ್ದೊಡನೆ ಚದುರಿ, ಸಣ್ಣ ಸಣ್ಣ ಸಂದಿಯಲ್ಲೆಲ್ಲ ಕೂತು ಮೇಲೊಂದು ಪದರ ಕಟ್ಟುತ್ತದೆ. ಆಮೇಲೆ ನೀರು ಕೆಳಗಿಳಿಯದೆ ಜಾರಿ ಹೋಗುತ್ತದೆ. ಮಲಪ್ರಭಾ ಕಾಲುವೆ ಬಂದ ಮೇಲೆ ಸವಳು ಹಿಡಿದ ಹೊಲದವರು ತಲೆಗೆ ಕೈ ಹೊತ್ತು ಕೂತರು, ನಿಜ. ಆದರೆ ಬೆಳೆ ಬಾರದ ಆ ಮಣ್ಣೇ ಮಾಳಿಗೆ ಏರಿದರೆ ಬಂಗಾರ. ರೋಹಿಣಿ ಮಳೆಗೆ ಮೊದಲೇ ಚಕ್ಕಡಿಯಲ್ಲಿ ಅದನ್ನು ತಂದು, ಬುಟ್ಟಿಯಲ್ಲಿ ಏರಿಸಿ, ಹರವಿ, ದಿಮ್ಮಸು ಹೊಡೆದು ಕೂರಿಸುವುದು ಊರ ವಾಡಿಕೆ. ಈಗ ಚಕ್ಕಡಿ ಕಡಿಮೆ, ಆಳು ದುಬಾರಿ, ಮಣ್ಣು ತರುವ ಮಾತು ವರ್ಷ ವರ್ಷ ಮುಂದೆ ಹೋಗುತ್ತದೆ. ಇಲಿ, ಇರುವೆ, ಮಾಳಿಗೆ ಮೇಲಿನ ಹುಲ್ಲಿನ ಬೇರು ಮಾತ್ರ ತಮ್ಮ ಕೆಲಸವನ್ನು ಒಂದು ವರ್ಷವೂ ಮುಂದೂಡುವುದಿಲ್ಲ.

ಬಿರುಸಿನ ಮಳೆಗೆ ನಮ್ಮ ಮಾಳಿಗೆ ಹೆದರುವುದಿಲ್ಲ. ಗುಡುಗಿ, ಸುರಿದು, ಹೋಗಿಬಿಡುವ ಮಳೆ ಮೇಲಿಂದ ಮೇಲೆ ಹರಿದು ಹೋಗುತ್ತದೆ. ಮಾಳಿಗೆಯನ್ನು ಸೋಲಿಸುವುದು ಆಶ್ಲೇಷದ ಜಿಟಿಜಿಟಿ. ಹಗಲೂ ರಾತ್ರಿ ಒಂದೇ ಸಮ ಹಿಡಿದರೆ ಮಣ್ಣಿಗೆ ನೀರು ನೆತ್ತಿಗೇರಿ ಜಂತಿಗೆ ಇಳಿಯುತ್ತದೆ. ಆಗ ಪಡಸಾಲೆಯಲ್ಲಿ ಅಂಗಾತ ಮಲಗಿ ಮೇಲೆ ನೋಡಬೇಕು. ಹೊಗೆಗೆ ಕಪ್ಪಾದ ಜಂತಿಯ ಹೊಟ್ಟೆಯಡಿ ಹನಿಯೊಂದು ಮೂಡುತ್ತದೆ. ಅದು ಅಲ್ಲೇ ಬೀಳಬಾರದೇ? ಇಲ್ಲ. ಜಂತಿಯನ್ನು ಹಿಡಿದು ಮೆಲ್ಲಗೆ ತೆವಳುತ್ತದೆ, ಗಂಟು ಸಿಕ್ಕಲ್ಲಿ ನಿಂತು ಯೋಚಿಸುತ್ತದೆ, ಹಿಂದಿನ ಹನಿ ಬಂದು ತಳ್ಳಿದರೆ ಮುಂದೆ ಸಾಗುತ್ತದೆ, ತೊಲೆಗೆ ಮುಟ್ಟಿ ಬಲಕ್ಕೆ ಹೊರಳಿ, ಗೋಡೆಯ ಗೂಟಕ್ಕೆ ನೇತು ಹಾಕಿದ ಮಾವನವರ ಅಂಗಿಯ ಕಿಸೆಗೇ ಸರಿಯಾಗಿ ಬೀಳುತ್ತದೆ.

ಮೊದಲ ಹನಿ ಬಿದ್ದಕೂಡಲೇ ಅತ್ತೆ ಆಡಳಿತ ಕೈಗೆ ತೆಗೆದುಕೊಳ್ಳುತ್ತಾರೆ. ನವಲಗುಂದದ ಜಮಖಾನೆ ಸುತ್ತಿ ಎತ್ತಿಡುವುದು ಮೊದಲು, ಮನುಷ್ಯರು ಆಮೇಲೆ. ದೇವರ ಕೋಣೆಗೆ ತಾಮ್ರದ ತಂಬಿಗೆ, ಜೋಳದ ಚೀಲದ ಹತ್ತಿರ ದೊಡ್ಡ ಕೊಳಗ, ಪಡಸಾಲೆಗೆ ಹಿತ್ತಾಳೆ ಬೋಗುಣಿ, ಮಗ ಸೊಸೆಯ ಕೋಣೆಗೆ ಕಿವಿ ಮುರಿದ ಪ್ಲಾಸ್ಟಿಕ್ ಬಕೆಟ್ಟು. ಈ ಹಂಚಿಕೆಯ ಮೇಲೆ ಮೇಲ್ಮನವಿ ಇಲ್ಲ. ರಾತ್ರಿಯಾದರೆ ಎಲ್ಲ ಪಾತ್ರೆಗಳೂ ಮಾತಿಗೆ ತೊಡಗುತ್ತವೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತ ಜಿಲ್ಲೆ ನಮ್ಮದು. ಇಲ್ಲಿ ಹೊಲ ಹರಗುವವರ ಕಿವಿಯೂ ಸೂಕ್ಷ್ಮ. ಮಾವನವರು ನಡುರಾತ್ರಿ ಎದ್ದು ಕೂತು, “ಬಕೀಟ ಇರಲಿ, ಆ ಬೋಗುಣಿ ಶ್ರುತಿ ಬಿಟ್ಟೈತಿ. ಅದರಾಗ ಒಂದ್ ಅರಿವಿ ಹಾಕ್ರಿ” ಅನ್ನುತ್ತಾರೆ. ಹಳೆಯ ಅರಿವೆ ಹಾಕಿದರೆ ಹನಿ ಸದ್ದಿಲ್ಲದೆ ಇಳಿಯುತ್ತದೆ. ಸೋರುವುದು ನಿಲ್ಲದಿದ್ದರೂ ನಿದ್ದೆ ಹತ್ತುತ್ತದೆ.

ಬೆಳಗಾದರೆ ತಜ್ಞರ ಭೇಟಿ. ಸೋರುವ ಮನೆಗೆ ಬರುವಷ್ಟು ಜನ ನಾಮಕರಣಕ್ಕೂ ಬರುವುದಿಲ್ಲ. ಭಜನಾ ಮಂಡಳಿಯವರು ಬಂದರೆ ಶರೀಫರ ಮಾತು ಬಂದೇ ಬರುತ್ತದೆ. ಶಿಶುನಾಳದ ಶರೀಫರು (1819–1889) ಸೋರುವ ಮಾಳಿಗೆಯ ಮೇಲೊಂದು ತತ್ವಪದವನ್ನೇ ಕಟ್ಟಿದವರು. ಅವರ ಗುರು ಗೋವಿಂದ ಭಟ್ಟರು ನಮ್ಮ ಜಿಲ್ಲೆಯದೇ ಕುಂದಗೋಳ ತಾಲೂಕಿನ ಕಳಸದವರು. ಮಂಡಳಿಯ ಹಿರಿಯರು ಚಹಾ ಕುಡಿಯುತ್ತ, “ಅದು ಈ ಮಾಳಿಗಿ ಅಲ್ಲ ತಂಗಿ, ದೇಹ” ಎಂದು ನನಗೆ ಬಿಡಿಸಿ ಹೇಳಿದರು. ಅತ್ತೆ ಒಳಗಿನಿಂದಲೇ, “ದೇಹ ಆದ್ರ ಆಗವಲ್ದ್ಯಾಕ. ಒಂದ್ ರಾತ್ರಿ ಬೋಗುಣಿ ಚೆಲ್ಲಿದವರಿಗೇ ಅಂಥಾ ಪದ ಹೊಳೀತೈತಿ” ಎಂದರು. ಪದ ಹಾಡಿದರು, ಚಹಾ ಮುಗಿಸಿದರು, ಹೋದರು. ಮಣ್ಣಿನ ಬುಟ್ಟಿ ಎತ್ತುವ ಮಾತು ದೇಹಕ್ಕೂ ಬರಲಿಲ್ಲ, ಆತ್ಮಕ್ಕೂ ಬರಲಿಲ್ಲ.

ಸೋರುವ ಮನೆಗೆ ಸರ್ಕಾರದ ಕಾಗದದಲ್ಲೂ ಜಾಗವಿಲ್ಲ. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ, ಮಳೆ ಹಿಡಿದು ನಮ್ಮ ಸುತ್ತಲ ಊರುಗಳಲ್ಲಿ ಮಣ್ಣಿನ ಮನೆಗಳು ಕುಸಿದಾಗ ಎ, ಬಿ, ಸಿ ಅಂತ ವರ್ಗ ಮಾಡಿದರು. ಪೂರಾ ಬಿದ್ದ ಎ ವರ್ಗಕ್ಕೆ 5 ಲಕ್ಷ, ಕೊಂಚ ಬಿದ್ದ ಸಿ ವರ್ಗಕ್ಕೆ 50 ಸಾವಿರ ರೂಪಾಯಿ. ಗೋಡೆ ಹೋಗಿ ಶಾಲೆಯಲ್ಲಿ ಮಲಗಿದವರ ಮುಂದೆ ನಮ್ಮ ಬೋಗುಣಿಯ ಕಷ್ಟ ಹೇಳಿಕೊಳ್ಳಲು ನಾಲಿಗೆ ಏಳಬೇಕಲ್ಲ? ನೆಟ್ಟಗೆ ನಿಂತು ಸೋರುವುದು ಮನೆಯೊಳಗೇ ಬಗೆಹರಿಯಬೇಕಾದ ಸಂಗತಿ.

ಮನೆಯೊಳಗೋ, ತಲೆಗೊಂದು ತೀರ್ಮಾನ. ಮಾವನವರ ಪ್ರಕಾರ ಇಲಿ. ಅತ್ತೆಯ ಪ್ರಕಾರ ಮಂಗ: ಮಾಳಿಗೆ ಮೇಲೆ ಒಣಹಾಕಿದ ಶೇಂಗಾಕ್ಕೆ ಬಂದು ಜಿಗಿದಾಡಿ ಮಣ್ಣು ಸಡಿಲ ಮಾಡಿವೆ. ಅಣ್ಣಿಗೇರಿಯಿಂದ ಬಂದ ಮೇಸ್ತ್ರಿ, “ಮ್ಯಾಲ ಸಿಮೆಂಟ್ ಎಳದ್ ಬಿಡೂಣ್ರಿ” ಅಂದ. ಮಾವನವರು ಅವನನ್ನು ಚಹಾ ಕೊಟ್ಟು ಕಳಿಸಿದರು. ಜಂತಿ ಬಿಸಿಲಿಗೊಂದು ಬಾಗು, ಮಳೆಗೊಂದು ಬಾಗು ಬಾಗುತ್ತಲೇ ಇರುತ್ತದೆ; ಅದರ ಮೇಲೆ ಬಾಗಲಾರದ ಸಿಮೆಂಟು ಕೂತರೆ ಒಂದು ಬೇಸಿಗೆಗೆ ಬಿರುಕು, ಬಿರುಕಿನಲ್ಲಿ ಇಳಿದ ನೀರಿಗೆ ಆರುವ ದಾರಿ ಇಲ್ಲ, ಜಂತಿ ಕೊಳೆಯುವುದೇ ಸೈ. ಇನ್ನು ತಾಡಪತ್ರಿ ಹಾಸಿದವರ ಕತೆ ಊರಲ್ಲೇ ಇತ್ತು. ಪಡಸಾಲೆಯ ಹನಿಯನ್ನು ಅವರು ಅಡಿಗೆ ಮನೆಗೆ ವರ್ಗ ಮಾಡಿಕೊಂಡಿದ್ದರು.

ನಮ್ಮನೆಯವರು ಸೈನ್ಸ್ ಓದಿದವರು. “ಅನುಮಾನ ಬ್ಯಾಡ, ಪ್ರಯೋಗ ಮಾಡೂಣು” ಅಂದರು. ಮಳೆ ಹೊಳವಾದ ಒಂದು ದಿನ ಗೊಬ್ಬರಚೀಲದ ಕೊಪ್ಪೆ ಹೊದ್ದು, ಕೊಡ ಹೊತ್ತು ಮಾಳಿಗೆ ಏರಿದರು. ನಾನು ಕೆಳಗೆ ಜಂತಿ ನೋಡುತ್ತ ನಿಲ್ಲುವುದು, ಹನಿ ಕಂಡರೆ ಕೂಗುವುದು. ಬೆಳಕಿಂಡಿಯಿಂದ ಅವರ ಧ್ವನಿ: “ಬಂತೇನ?” ನಾನು: “ಬಂದೈತಿ, ಆದ್ರ ಅದು ಮೊದಲಿನ ಹನಿ.” “ಮೊದಲಿಂದೋ ಈಗಿಂದೋ ಹ್ಯಾಂಗ ಗೊತ್ತಾತು?” ಪ್ರಶ್ನೆ ನ್ಯಾಯವಾದದ್ದೇ. ಹನಿಯ ಮೇಲೆ ತಾರೀಖು ಇರುವುದಿಲ್ಲ.

ಅದಕ್ಕೆ ಬಣ್ಣ ಹಾಕುವ ಉಪಾಯ ಬಂತು. ನವಲಗುಂದದ ರಾಮಲಿಂಗ ಕಾಮಣ್ಣನ ಹೆಸರು ಕೇಳದವರಿಲ್ಲ. ಹೋಳಿ ಹುಣ್ಣಿವೆಗೆ ಹರಕೆ ಹೊತ್ತವರು ದೂರ ದೂರದಿಂದ ಬರುತ್ತಾರೆ. ಹೋಳಿ ಇದ್ದಲ್ಲಿ ಬಣ್ಣ, ಬಣ್ಣ ಇದ್ದಲ್ಲಿ ಉಳಿದ ಪುಡಿ. ಗೂಡಿನಲ್ಲಿದ್ದ ಗುಲಾಬಿ ಪುಡಿಯನ್ನು ಕೊಡಕ್ಕೆ ಕಲಸಿ, ಅನುಮಾನ ಇದ್ದ ಮೂಲೆಗೆ ಸುರಿದು ಕಾದೆವು. ನಮ್ಮ ಜಂತಿಯಿಂದ ಬೀಳುತ್ತಿದ್ದ ಹನಿ ಎಂದಿನಂತೆ ಚಹಾದ ಬಣ್ಣದ್ದೇ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಜು ಮನೆಯ ಕಾಕು ಸೆರಗಿನಲ್ಲಿ ಕೈ ಒರೆಸುತ್ತ ಬಂದರು. “ಯವ್ವಾ, ನಮ್ಮ ಹಿಟ್ಟಿನ ಡಬ್ಬಿ ಮ್ಯಾಲ ಕೆಂಪ್ ನೀರ ಬೀಳಾಕತ್ತೈತಿ. ರೊಟ್ಟಿ ತಟ್ಟಾಕ ಕುಂತಾಕಿ ಅಂಜಿ ಎದ್ದ ಬಂದೆ.” ನಮ್ಮನೆಯವರ ಮುಖ ಅರಳಿತು. ಕಾಕುವಿಗೆ ಸಿಟ್ಟು ಬಂದದ್ದು ಬಣ್ಣಕ್ಕಲ್ಲ, ಆ ಅರಳಿದ ಮುಖಕ್ಕೆ.

ನಮ್ಮ ಓಣಿಯಲ್ಲಿ ಮನೆಗೆ ಮನೆ ಅಂಟಿಕೊಂಡಿವೆ. ಗೋಡೆ ಒಂದೇ, ಮಾಳಿಗೆಯೂ ಒಂದಕ್ಕೊಂದು ಕೂಡಿದ್ದೇ. ಒಂದು ತುದಿಯಲ್ಲಿ ಏರಿದ ಬೆಕ್ಕು ನೆಲ ಮುಟ್ಟದೆ ಇನ್ನೊಂದು ತುದಿಯಲ್ಲಿ ಹಾಲು ಕುಡಿಯಬಹುದು. ನಮ್ಮ ನೀರು ಕಾಕುವಿನ ಹಿಟ್ಟಿಗೆ ಹೋಗುವುದಾದರೆ ನಮ್ಮ ಬೋಗುಣಿಯ ನೀರು ಯಾರದು? ಕಾಕುವೇ ಮುಂದಾಗಿ ಹೊಸ ಪುಡಿ ಕೊಟ್ಟರು, ಹಸಿರು. ಮೇಲಿನ ಮನೆಯ ಮಾಳಿಗೆಯ ಮೇಲೆ ಸುರಿದ ಹಸಿರು ನಮ್ಮ ಪಡಸಾಲೆಯಲ್ಲಿ ಇಳಿಯಿತು. ಹೀಗೆ ಬಣ್ಣ ಹಿಡಿದು ಏರುತ್ತ ಏರುತ್ತ ಓಣಿಯ ತಲೆಗಿದ್ದ ಮನೆ ಮುಟ್ಟಿದೆವು. ಇಡೀ ಓಣಿಯಲ್ಲಿ ಒಂದು ಹನಿಯೂ ಸೋರದ ಮನೆ ಅದೊಂದೇ. ಆ ಮನೆಯ ಅಣ್ಣ ಕಟ್ಟೆ ಮೇಲೆ ಅಡಿಕೆ ಕತ್ತರಿಸುತ್ತ, “ನಮ್ಮನಿ ಸೋರಂಗಿಲ್ಲ. ನಮ್ಮ ಮಾಳಿಗಿ ಯಾಕ ನೋಡ್ತೀರಿ?” ಅಂದ. ಅದಕ್ಕೇ ನೋಡಬೇಕಾಗಿತ್ತು.

ಮೇಲೆ ಹೋದರೆ ಮಣ್ಣು ಗಟ್ಟಿ, ಇಲಿಯ ಸುಳಿವಿಲ್ಲ, ಬಿರುಕಿಲ್ಲ. ಆದರೆ ಮಾಳಿಗೆಯ ನೀರನ್ನು ಬೀದಿಗೆ ಹಾಕುವ ತಗಡಿನ ದೋಣಿಯ ಬಾಯಿಗೆ ಎರಡು ಇಟ್ಟಂಗಿ ಇಟ್ಟು, ಸುತ್ತ ಮಣ್ಣು ಮೆತ್ತಿ ಬಂದೋಬಸ್ತು ಮಾಡಿದ್ದರು. ಯಾಕೆ ಅಂದರೆ ದೋಣಿಯ ಕೆಳಗೇ ಅಣ್ಣನ ಬೈಕು ನಿಲ್ಲುತ್ತದೆ. ಹುಬ್ಬಳ್ಳಿಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಬೈಕು. ಸೀಟಿನ ಮೇಲೆ ಧೋ ಅಂತ ನೀರು ಬೀಳುವುದು ಬೇಡ ಅಂತ ದೋಣಿಯ ಬಾಯಿ ಬಂದ್. ನೀರು ಮುಂದೆ ಹೋಗಲು ದಾರಿ ಕಾಣದೆ ಹಿಂದಕ್ಕೆ ತಿರುಗಿ, ಇಳಿಜಾರು ಹಿಡಿದು, ಮನೆ ಮನೆಗೆ ಭೇಟಿ ಕೊಡುತ್ತ ಬಂದಿದೆ. ನಾವು ಇಷ್ಟು ಕಾಲ ಹುಡುಕಿದ್ದು ತೆರೆದ ತೂತನ್ನು. ಸೋರಿಸಿದ್ದು ಮುಚ್ಚಿದ ತೂತು.

ಇಟ್ಟಂಗಿ ತೆಗೆಯಲು ಅಣ್ಣ ಒಪ್ಪಲಿಲ್ಲ. ಅವನ ವಾದವೂ ಸರಿಯೇ: ತನ್ನ ಮಾಳಿಗೆ, ತನ್ನ ದೋಣಿ, ತನ್ನ ಬೈಕು. ಓಣಿಯವರೆಲ್ಲ ಒಟ್ಟಿಗೇ ಮಾತಾಡಿದರು, ಒಬ್ಬರದೂ ಕೇಳಲಿಲ್ಲ. ಕೊನೆಗೆ ಅತ್ತೆ ಹೋಗಿ ಅವನ ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಜಗಳದ ಸುದ್ದಿಯನ್ನೇ ಎತ್ತದೆ, “ತಮ್ಮಾ, ನಿಮ್ಮ ಮಾಳಿಗಿ ಸವಳ ಮಣ್ಣ ಭಾಳ ಚೊಲೋದೈತಿ ನೋಡು. ಪ್ರತಿ ಮಳೀಗೆ ಬೋಗುಣಿ ತುಂಬ ನಮ್ಮನಿಗೆ ಬರತೈತಿ. ನಾವು ಒಣಗಿಸಿ ನಮ್ಮ ಮಾಳಿಗೀಗೇ ಹಾಕ್ಕೊಳ್ಳಾಕತ್ತೇವಿ. ಇನ್ನೊಂದೆರಡ ಮಳಿ ಆದ್ರ ನಮ್ಮದು ಪೂರಾ ಆಗತೈತಿ” ಎಂದರು. ಸಂಜೆಯೊಳಗೆ ಇಟ್ಟಂಗಿ ಕೆಳಗಿಳಿದಿದ್ದವು. ಪಕ್ಕದ ಮನೆ ಮುಳುಗಿದರೆ ತಡೆದುಕೊಳ್ಳಬಹುದು. ನಮ್ಮ ಮಣ್ಣಿನಿಂದ ಅದು ಉದ್ಧಾರವಾಗುವುದನ್ನು ತಡೆದುಕೊಳ್ಳುವ ಶಕ್ತಿ ಯಾರಿಗಿದೆ?

ಉಳಿದದ್ದು ಬೈಕಿನ ವ್ಯವಸ್ಥೆ. ರಾಜಿಯ ಪ್ರಕಾರ ಮಳೆಗಾಲ ಮುಗಿಯುವ ತನಕ ಅದು ನಮ್ಮ ಮನೆಯ ದನದ ಅಂಕಣದಲ್ಲಿ, ಎತ್ತುಗಳ ಬಾಜೂಕೆ. ಎತ್ತುಗಳಿಗೆ ಅದರ ವಾಸನೆ ಸೇರದಿದ್ದರೂ ಪಡಸಾಲೆ ಒಣಗಿದೆ, ಜಮಖಾನೆ ಹಾಸಿದೆ, ಮಾವನವರು ಅಂಗಿಯನ್ನು ಅದೇ ಗೂಟಕ್ಕೆ ಹಾಕುತ್ತಾರೆ. ಆದರೆ ಬೈಕಿನ ಕೆಳಗೆ ದಿನಾ ಬೆಳಿಗ್ಗೆ ರೂಪಾಯಿಯಷ್ಟಗಲ ಆಯಿಲ್ಲಿನ ಕಲೆ. ಎಲ್ಲಿಂದ ಸೋರುತ್ತದೆಂದು ಅಣ್ಣನಿಗೂ ತಿಳಿದಿಲ್ಲ, ಮೆಕ್ಯಾನಿಕ್‌ಗೂ ಸಿಕ್ಕಿಲ್ಲ. ನಮ್ಮನೆಯವರು ಸಗಣಿ ಬಳಿಯುವ ಮೊದಲು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ಬ್ಯಾಟರಿ ಬಿಡುತ್ತಿರುತ್ತಾರೆ. ನಿನ್ನೆ ಕೇಳಿದರು: ಎಣ್ಣೆಯಲ್ಲಿ ಕರಗುವ ಬಣ್ಣ ಎಲ್ಲಿ ಸಿಗುತ್ತದೆ ಅಂತ.