ಕಡಲೇನೋ ಸೊಗಸು, ಕಥೆ?

ಅಲ್ಲಾ ರೀ, ‘ಅವತಾರ್’ ಎರಡನೇ ಭಾಗ ನೀವೂ ನೋಡಿ ಬಂದ್ರಲ್ಲ, ಆ ಪಯಾಕನ್ ನಿಮ್ಮ ಕಣ್ಣಲ್ಲೂ ನೀರು ತರಿಸಿತಾ? 192 ನಿಮಿಷದ ಸಿನಿಮಾದಲ್ಲಿ ನನ್ನ ಮನಸ್ಸು ಹಿಡಿದದ್ದು ಆ ತಿಮಿಂಗಿಲದಂಥ ಜೀವವೇ. ಕೊಲ್ಲಬಾರದೆಂಬ ಕುಲದ ಕಟ್ಟಳೆ ಮೀರಿ ಬಹಿಷ್ಕಾರ ಹಾಕಿಸಿಕೊಂಡ ಒಂಟಿ ಪ್ರಾಣಿ ಅದು. ಇತ್ತ ಅಪ್ಪನ ಹತ್ತಿರ ಸದಾ ಬೈಸಿಕೊಳ್ಳುವ, ನಾಯಕನ ಎರಡನೇ ಮಗ ಲೋಆಕ್. ಅದರ ರೆಕ್ಕೆಯಲ್ಲಿ ನೆಟ್ಟಿದ್ದ ಈಟಿಯನ್ನು ಅವನು ಕಿತ್ತು ತೆಗೀತಾನಲ್ಲ, ಆಗ ಥಿಯೇಟರಿನಲ್ಲಿ ಪಿಸುಮಾತೂ ಇರಲಿಲ್ಲ.

ನೀರೊಳಗಿನ ಅಭಿನಯವನ್ನು ಜೇಮ್ಸ್ ಕ್ಯಾಮರೂನ್ ದೊಡ್ಡ ತೊಟ್ಟಿಗೆ ನಟರನ್ನು ಇಳಿಸಿಯೇ ಮಾಡಿಸಿದ್ದಂತೆ. ಗುಳ್ಳೆ ಎದ್ದರೆ ಕ್ಯಾಮೆರಾಕ್ಕೆ ತೊಡಕು, ಹಾಗಾಗಿ ಸಿಲಿಂಡರ್ ಇಲ್ಲ, ಎಲ್ಲರೂ ಉಸಿರು ಬಿಗಿಹಿಡಿಯಬೇಕು. ಕೇಟ್ ವಿನ್‌ಸ್ಲೆಟ್ ಅಂತೂ 7 ನಿಮಿಷ 15 ಸೆಕೆಂಡು ಹಿಡಿದರಂತೆ! ಬೇಸಗೆ ರಜೆಯಲ್ಲಿ ಅಜ್ಜಿ ಮನೆ ಬಾವಿಯಲ್ಲಿ ನಾವೂ ಪಂದ್ಯ ಕಟ್ಟುತ್ತಿದ್ದೆವು. ತಳದ ಕೆಸರನ್ನು ಮುಷ್ಟಿಯಲ್ಲಿ ತಂದವನೇ ಗೆದ್ದ ಹಾಗೆ. ಸೋದರಮಾವ ಏಳೋದು ತುಸು ತಡವಾದರೂ ಅಜ್ಜಿ ಕಟ್ಟೆ ಹಿಡಿದು ಕೂಗಾಡೋರು. ಏಳು ನಿಮಿಷ ಅಂದಿದ್ರೆ ಊರನ್ನೇ ಸೇರಿಸ್ತಿದ್ರೇನೋ. ಇನ್ನು ನಾಯಕನ ಸಾಕುಮಗಳು ಕಿರಿ! ಹದಿನಾಲ್ಕರ ಆ ಹುಡುಗಿಯಾಗಿ ನಟಿಸಿದ್ದು ಎಪ್ಪತ್ತರ ಆಸುಪಾಸಿನ ಸಿಗೋರ್ನಿ ವೀವರ್. ಆ ನಾಚಿಕೆ, ಆ ಮುನಿಸು ಅವರು ಎಲ್ಲಿಂದ ತಂದರೋ!

ಇಷ್ಟೆಲ್ಲ ಇದ್ದೂ ಕಥೆ ಹಳೇ ಜಾಡೇ. ಮೊದಲ ಭಾಗದಲ್ಲಿ ಸತ್ತ ಖಳ ಕ್ವಾರಿಚ್‌ನನ್ನೇ ಹೊಸ ಮೈಯಲ್ಲಿ ಕರೆತಂದರು. ಮಕ್ಕಳನ್ನು ಹಿಡಿಯೋದು, ಬಿಡಿಸೋದು, ಮತ್ತೆ ಹಿಡಿಯೋದು. ಮತ್ತೆ ಕಟ್ಟಿಹಾಕಿದ್ರಲ್ಲಾ ಅಂತ ಕೊನೇ ಮಗಳು ಪುಟ್ಟ ಟಕ್‌ಗೇ ಬೇಜಾರು. ಆ ಮಕ್ಕಳ ತಾಯಿ ನೇಯ್ತಿರಿಯಂಥ ಗಟ್ಟಿಗಿತ್ತಿಗೆ ಕೊನೆಯ ಕಾಳಗದವರೆಗೆ ಕೆಲಸವೇ ಇಲ್ಲ. ಇದರಿಂದ ನನಗೆ ನಿಜಕ್ಕೂ ನೋವಾಯ್ತು ರೀ. ಮುಪ್ಪು ತಡೆಯುವ ಅಮೃತಕ್ಕಾಗಿ ಪಯಾಕನ್‌ನ ಕುಲದ ತುಲ್ಕುನ್‌ಗಳ ಬೇಟೆ ಆಡ್ತಾರಲ್ಲ, ಅದಾದರೂ ಬೆಳೆಯುತ್ತೆ ಅಂದುಕೊಂಡೆ. ನಮ್ಮ ಸಮುದ್ರಮಥನದಲ್ಲಿ ಅಮೃತ ಬಂದ ಮೇಲಲ್ವಾ ಕಥೆಗೆ ರಂಗೇರೋದು? ಇಲ್ಲಿ ಒಂದು ಸೀಸೆ ತೋರಿಸಿ ಮುಂದಕ್ಕೆ ಹೋಗಿಬಿಟ್ಟರು.

ಒಂದು ಸಂತೋಷ ಮಾತ್ರ ಹೇಳಲೇಬೇಕು. 2009ರಲ್ಲಿ ಮೊದಲ ಭಾಗ ಬಂದಾಗ ಕನ್ನಡದಲ್ಲಿ ನೋಡೋ ಯೋಗ ಇರಲಿಲ್ಲ. ಎರಡನೇ ಭಾಗ ಕನ್ನಡದಲ್ಲೇ ಬಂತು, ಅಮ್ಮ ಯಾರನ್ನೂ ಏನೂ ಕೇಳದೆ ಕೊನೇವರೆಗೂ ನೋಡಿದರು. ಟೀವಿಯಲ್ಲೇ ನೋಡ್ತೀನಿ ಅಂತ ನಿಮ್ಮ ಮಗಳು ಅಂತಿದ್ಲಲ್ಲ, ಬೇಡ ಅನ್ನಿ. ಆ ಕಡಲು ದೊಡ್ಡ ಪರದೆಯಲ್ಲೇ ಚೆನ್ನ, ಅಲ್ವಾ?